ಶಾಲು, ಕೋಲು, ಕತ್ತಿ, ದೀಪ: ಬೆಲ್ಲಿ ಡಾನ್ಸ್‌ಗೆ ಪ್ರಾಪ್ ಆರಿಸೋದು ಹೇಗೆ?

 

ಈ ಕಂತು ಶುರುವಾಗಿದ್ದು ಒಂದು ವಾಯ್ಸ್ ಮೆಸೇಜಿಂದ. ಹುಬ್ಬಳ್ಳಿಯ ಕೇಳುಗರೊಬ್ಬರು ಕಳಿಸಿದ್ದು. ಅವರ ಅಣ್ಣನ ಮದುವೆ ಮುಂದಿನ ತಿಂಗಳು. ಆರತಕ್ಷತೆಯಲ್ಲಿ ಬೆಲ್ಲಿ ಡಾನ್ಸ್ ಮಾಡಬೇಕು ಅಂತ ಆಸೆ. ಎರಡು ವರ್ಷದಿಂದ ವಾರಕ್ಕೆ ಎರಡು ಕ್ಲಾಸ್ ಹೋಗ್ತಿದ್ದಾರೆ. ‘ತಲೆ ಮೇಲೆ ಉರಿಯೋ ಮೇಣದಬತ್ತಿಯ ಸ್ಟ್ಯಾಂಡ್ ಇಟ್ಕೊಂಡು ಈಜಿಪ್ಟಿನಲ್ಲಿ ಮದುವೆಗೆ ಕುಣೀತಾರಂತಲ್ಲ, ನಾನೂ ಅದನ್ನೇ ಮಾಡ್ಲಾ? ಶಾಮಿಯಾನದಲ್ಲಿ ಲೈಟ್ ಆಫ್ ಮಾಡಿಸಿದ್ರೆ ಸೂಪರಾಗಿರತ್ತೆ’ ಅಂತ ಕೇಳಿದ್ರು.

ಶಾಮಿಯಾನ, ಬೆಂಕಿ, ಕತ್ತಲೆ. ಈ ಮೂರು ಪದ ಒಟ್ಟಿಗೆ ಕೇಳಿದ ತಕ್ಷಣ ನನಗೆ ಸ್ವಲ್ಪ ಭಯ ಆಯ್ತು. ಅವರಿಗೆ ಉತ್ತರ ಕೊಟ್ಟಿದ್ದೀನಿ, ಕೊನೆಯಲ್ಲಿ ಹೇಳ್ತೀನಿ. ಅದಕ್ಕೂ ಮುಂಚೆ ಈ ಪ್ರಾಪ್‌ಗಳು ಎಲ್ಲಿಂದ ಬಂದ್ವು, ಯಾವುದನ್ನ ಯಾವಾಗ ಹಿಡೀಬೇಕು, ಯಾವುದನ್ನ ಕೈಗೇ ತಗೋಬಾರದು ಅನ್ನೋದನ್ನ ನೋಡೋಣ.

ಮೊದಲು ನನ್ನ ಪೆಟ್ಟು

ಉಪದೇಶಕ್ಕೆ ಮುಂಚೆ ನನ್ನದೇ ಒಂದು ಎಡವಟ್ಟು ಹೇಳಿಬಿಡ್ತೀನಿ. ನಾನು ಡಾನ್ಸ್ ಟೀಚರ್ ಅಲ್ಲ, ಬಿ.ಕಾಂ. ಓದಿದವಳು. ಕೆಲಸಕ್ಕೆ ಸೇರಿದ ಮೇಲೆ ಬೆನ್ನುನೋವಿಗೆ ಅಂತ ಬೆಲ್ಲಿ ಡಾನ್ಸ್ ಕ್ಲಾಸಿಗೆ ಸೇರಿ, ಅಲ್ಲೇ ಉಳಿದೆ. ಆರು ತಿಂಗಳಾಗಿತ್ತು ಅಷ್ಟೇ, ಕಸಿನ್ ರಿಸೆಪ್ಷನ್‌ನಲ್ಲಿ ಕುಣಿಯೋಕೆ ಆನ್‌ಲೈನಲ್ಲಿ ಎಲ್ಇಡಿ ರೆಕ್ಕೆ ತರಿಸಿದೆ. ಐಸಿಸ್ ವಿಂಗ್ಸ್ ಅಂತಾರೆ. ಕತ್ತಿನಿಂದ ಶುರುವಾಗಿ ನೆಲದವರೆಗೆ ಬೀಳೋ ದೊಡ್ಡ ನೆರಿಗೆಯ ರೆಕ್ಕೆ, ಎರಡೂ ಕೈಯಲ್ಲಿ ಕೋಲು.

ಮನೆ ಟೆರೇಸ್‌ನಲ್ಲಿ ಪ್ರಾಕ್ಟೀಸ್ ಮಾಡಿದಾಗ ಚೆನ್ನಾಗೇ ಇತ್ತು. ಹಾಲಿನ ಸ್ಟೇಜು ಮಾತ್ರ ಹನ್ನೆರಡಡಿ. ಅದರಲ್ಲಿ ಸೋಫಾ, ಹೂವಿನ ಕಂಬ, ಫೋಟೋಗ್ರಾಫರ್ ಲೈಟು. ಒಂದು ಸುತ್ತು ತಿರುಗಿದೆ ನೋಡಿ, ಕೋಲು ಹೋಗಿ ಹೂವಿನ ಕಂಬಕ್ಕೆ ಸಿಕ್ತು, ಕಂಬ ಸೋಫಾ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ. ಆಮೇಲೆ ಊಟಕ್ಕೆ ಕೂತಾಗ ಚಿಕ್ಕಮ್ಮ ಹೇಳಿದ್ರು: ‘ರೆಕ್ಕೆ ಚೆನ್ನಾಗಿತ್ತು ಕಣೇ. ಒಳಗೆ ಕುಣೀತಿದ್ದವಳು ಯಾರು ಅಂತಾನೇ ಗೊತ್ತಾಗ್ಲಿಲ್ಲ.’

ಕಂಬ ಬಿದ್ದಿದ್ದಕ್ಕಿಂತ ಆ ಮಾತು ಜಾಸ್ತಿ ನೋಯ್ತು, ಯಾಕಂದ್ರೆ ಅದು ನಿಜ. ನನ್ನ ಸೊಂಟದ ಚಲನೆ ಇನ್ನೂ ಪಳಗಿರಲಿಲ್ಲ. ಅದನ್ನ ಮುಚ್ಚಿಡೋಕೆ ರೆಕ್ಕೆ ಕಟ್ಕೊಂಡಿದ್ದೆ. ಇವತ್ತಿನ ಕಂತಿನ ಸಾರ ಇಷ್ಟೇ ಅಂದ್ಕೊಳ್ಳಿ: ಪ್ರಾಪ್ ತೆಗೆದರೂ ಡಾನ್ಸ್ ನಿಲ್ಲಬೇಕು. ನಿಲ್ಲದಿದ್ರೆ ಆ ಪ್ರಾಪ್‌ಗೆ ಇನ್ನೂ ಟೈಮ್ ಬಂದಿಲ್ಲ.

ಎಲ್ಲಾ ಪ್ರಾಪ್ ‘ಪ್ರಾಚೀನ’ ಅಲ್ಲ

ಬೆಲ್ಲಿ ಡಾನ್ಸ್ ಅನ್ನೋ ಹೆಸರೇ ಹೊರಗಿನವರು ಇಟ್ಟಿದ್ದು. ಫ್ರೆಂಚರು ‘ಹೊಟ್ಟೆಯ ನೃತ್ಯ’ ಅಂದ್ರು. 1893ರ ಶಿಕಾಗೋ ವಿಶ್ವಮೇಳದ ಹೊತ್ತಿಗೆ ಅದರ ಇಂಗ್ಲಿಷ್ ರೂಪ ಅಮೆರಿಕದಲ್ಲಿ ಪಾಪ್ಯುಲರ್ ಆಯ್ತು. ಈಜಿಪ್ಟಿನಲ್ಲಿ ಇದನ್ನ ‘ರಕ್ಸ್ ಶರ್ಕಿ’ ಅಂತಾರೆ, ಅಂದ್ರೆ ಪೂರ್ವದ ನೃತ್ಯ. ನಾವು ಇವತ್ತು ನೋಡೋ ಸ್ಟೇಜ್ ರೂಪ ಬೆಳೆದಿದ್ದು ಕೈರೋದ ಕ್ಲಬ್‌ಗಳಲ್ಲಿ. ಬದಿಯಾ ಮಸಾಬ್ನಿ ಅನ್ನೋ ಕಲಾವಿದೆ 1926ರಲ್ಲಿ ಅಲ್ಲಿ ಒಂದು ಕ್ಲಬ್ ತೆರೆದ್ರು. ಸಾಮಿಯಾ ಗಮಾಲ್, ತಹಿಯಾ ಕರಿಯೋಕಾ ಥರದ ದೊಡ್ಡ ಹೆಸರುಗಳು ಅಲ್ಲಿಂದಲೇ ಬಂದಿದ್ದು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಅಂಗಡಿಯವರು, ಇನ್‌ಸ್ಟಾಗ್ರಾಂ ರೀಲ್‌ನವರು ಎಲ್ಲಾ ಪ್ರಾಪ್‌ಗೂ ‘ಸಾವಿರಾರು ವರ್ಷದ ಈಜಿಪ್ಟ್ ಸಂಪ್ರದಾಯ’ ಅಂತ ಹಣೆಪಟ್ಟಿ ಹಚ್ತಾರೆ. ನಾನು ಮೂರು ಡಬ್ಬಿ ಮಾಡ್ಕೊಂಡಿದ್ದೀನಿ.

ಮೊದಲನೇ ಡಬ್ಬಿ, ಜನರ ಬದುಕಿಂದ ಬಂದಿದ್ದು: ಬೆರಳಿನ ತಾಳ, ಕೋಲು, ಮದುವೆ ದೀಪ, ಮಿಲಾಯಾ ಅನ್ನೋ ಕಪ್ಪು ಹೊದಿಕೆ. ಎರಡನೇದು, ಸ್ಟೇಜಿಗಾಗಿ ಬೆಳೆದಿದ್ದು: ಶಾಲು, ಅಂದ್ರೆ ವೇಲ್. ಮೂರನೇದು, ಈಜಿಪ್ಟಿನ ಹೊರಗೆ, ಹೆಚ್ಚಾಗಿ ಅಮೆರಿಕದಲ್ಲಿ ಹುಟ್ಟಿದ್ದು ಅಥವಾ ಬೆಳೆದಿದ್ದು: ತಲೆ ಮೇಲಿನ ಕತ್ತಿ, ರೆಕ್ಕೆ, ಬೀಸಣಿಗೆ ಶಾಲು.

ಐಸಿಸ್ ಈಜಿಪ್ಟಿನ ಪುರಾತನ ದೇವತೆ, ಚಿತ್ರಗಳಲ್ಲಿ ಅವಳಿಗೆ ರೆಕ್ಕೆ ಇರೋದೂ ಹೌದು. ಆದ್ರೆ ಆ ಪ್ರಾಪ್ ಹೊಸದು. ಅದಕ್ಕೆ ಹತ್ತಿರದ ಸಂಬಂಧಿಯನ್ನ ಹುಡುಕಿದ್ರೆ, 1890ರ ದಶಕದಲ್ಲಿ ರೇಷ್ಮೆ ಬಟ್ಟೆಯೊಳಗೆ ಕೋಲು ಹಿಡಿದು, ಬಣ್ಣದ ಬೆಳಕಲ್ಲಿ ಕುಣಿದ ಅಮೆರಿಕದ ಲೋಯಿ ಫುಲರ್ ಸಿಗ್ತಾರೆ. ಹೊಸದು ಅಂದ್ರೆ ಕೆಟ್ಟದ್ದು ಅಂತ ಅಲ್ಲ. ಸುಳ್ಳು ಹೇಳಿ ಕುಣೀಬೇಡಿ ಅಂತ ಅಷ್ಟೇ.

ಬೆರಳಿನ ತಾಳ: ಸಣ್ಣದು, ಆದ್ರೆ ಸುಲಭ ಅಲ್ಲ

ಈಜಿಪ್ಟಿನಲ್ಲಿ ‘ಸಗಾತ್’, ಟರ್ಕಿಯಲ್ಲಿ ‘ಜಿಲ್’. ಎರಡೂ ಕೈ ಸೇರಿ ನಾಲ್ಕು ಪುಟ್ಟ ಹಿತ್ತಾಳೆ ಬಿಲ್ಲೆ. ಹೆಬ್ಬೆರಳಿಗೊಂದು, ನಡುಬೆರಳಿಗೊಂದು. ನಮ್ಮ ಭಜನೆ ತಾಳದ ಪುಟ್ಟ ತಂಗಿ ಅನ್ನಬಹುದು.

ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಮಧ್ಯೆ ಒಂದೇ ತೂತು ಇದ್ಯೋ, ಎರಡು ಸೀಳು ಇದ್ಯೋ ಅಂತ. ಎರಡು ಸೀಳು ಇದ್ರೆ ಎಲಾಸ್ಟಿಕ್ ಚಪ್ಪಟೆಯಾಗಿ ಕೂರತ್ತೆ, ಬಿಲ್ಲೆ ಅಲ್ಲಾಡಲ್ಲ, ಹತೋಟಿ ಸಿಗತ್ತೆ. ಎರಡು, ಶಬ್ದ. ಅಂಗಡಿಯಲ್ಲೇ ಬಾರಿಸಿ ನೋಡಿ. ಅಂಚು ತಗುಲಿಸಿ ಬಿಟ್ಟಾಗ ‘ಣಿಂ…’ ಅಂತ ಎಳೀಬೇಕು. ಬರೀ ತಗಡಿನ ಸದ್ದು ಬಂದ್ರೆ ಅದು ಡ್ರೆಸ್ಸಿಗೆ ಹೊಲಿಯೋ ಅಲಂಕಾರ, ವಾದ್ಯ ಅಲ್ಲ.

ಎಲಾಸ್ಟಿಕ್ ಉಗುರಿನ ಬುಡಕ್ಕೂ ಮೊದಲ ಗಿಣ್ಣಿಗೂ ನಡುವೆ ಬಿಗಿಯಾಗಿ ಕೂರಬೇಕು. ರಕ್ತ ನಿಲ್ಲೋಷ್ಟು ಬಿಗಿ ಬೇಡ, ಕೈ ಕೊಡವಿದ್ರೆ ಹಾರಿಹೋಗೋಷ್ಟು ಸಡಿಲವೂ ಬೇಡ.

ಕಲಿಯೋಕೆ ಒಂದು ದಾರಿ: ಮೊದಲು ಕೂತು ಬಾರಿಸಿ. ಬಲ-ಎಡ-ಬಲ, ಬಲ-ಎಡ-ಬಲ. ಅದು ಕೈಗೆ ಹತ್ತಿದ ಮೇಲೆ ಬಾರಿಸ್ತಾ ನಡೀರಿ. ಆಮೇಲೆ ಸೊಂಟ ಸೇರಿಸಿ. ಒಂದು ವಾರದಲ್ಲಿ ಆಗೋ ಕೆಲಸ ಅಲ್ಲ ಇದು. ಹಾಗೇನೇ ಹಾಡಿನಲ್ಲಿ ಗಾಯಕಿ ಮೆಲ್ಲಗೆ ಹಾಡ್ತಿರುವಾಗ ತಾಳ ನಿಲ್ಲಿಸಿ. ವಾದ್ಯ ಹಿಡಿದ ಕ್ಷಣದಿಂದ ನೀವು ಡಾನ್ಸರ್ ಜೊತೆಗೆ ತಾಳದವರೂ ಹೌದು. ತಪ್ಪಿದ್ರೆ ಇಡೀ ಹಾಲಿಗೆ ಕೇಳಿಸತ್ತೆ.

ಶಾಲು: ಹಳೇ ಸೀರೆಯಿಂದ ಶುರು ಮಾಡಿ

ವೇಲ್ ನೋಡೋಕೆ ತುಂಬಾ ಸುಲಭ, ಮಾಡೋಕೆ ಅಲ್ಲ. ಸಾಮಿಯಾ ಗಮಾಲ್ ಸ್ಟೇಜಿಗೆ ಶಾಲು ಹಿಡಿದು ಬರೋದನ್ನ ಜನಪ್ರಿಯ ಮಾಡಿದ್ರು ಅಂತಾರೆ. ತೋಳುಗಳನ್ನ ಎತ್ತಿ ಹಿಡಿಯೋದು ರೂಢಿಯಾಗ್ಲಿ ಅಂತ ಅವರ ರಷ್ಯನ್ ಬ್ಯಾಲೆ ಟೀಚರ್ ಶಾಲು ಕೊಟ್ರಂತೆ ಅನ್ನೋ ಕತೆಯೂ ಡಾನ್ಸರ್‌ಗಳ ನಡುವೆ ಓಡಾಡತ್ತೆ. ಕತೆ ಹೇಗೇ ಇರ್ಲಿ, ಪಾಠ ಸರಿಯಾಗಿದೆ: ಶಾಲು ಇರೋದು ತೋಳಿಗಾಗಿ. ಮೊಣಕೈ ಕೆಳಗೆ ಬಿದ್ರೆ ಶಾಲೂ ಬೀಳತ್ತೆ.

ಈಜಿಪ್ಟಿನ ಶೈಲಿಯಲ್ಲಿ ಸಾಮಾನ್ಯವಾಗಿ ಶಾಲು ಪ್ರವೇಶಕ್ಕೆ ಮಾತ್ರ. ಬರ್ತಾರೆ, ಕೆಲವು ಸುತ್ತು ಬೀಸ್ತಾರೆ, ಪಕ್ಕಕ್ಕೆ ಹಾಕಿ ನಿಜವಾದ ಡಾನ್ಸ್ ಶುರು ಮಾಡ್ತಾರೆ. ಹಾಡಿಡೀ ಶಾಲು ಆಡಿಸೋದು ಹೆಚ್ಚಾಗಿ ಅಮೆರಿಕದ ಕಡೆ ಬೆಳೆದ ಅಭ್ಯಾಸ. ನಿಮ್ಮ ಹಾಡು ನಾಲ್ಕು ನಿಮಿಷ ಇದ್ರೆ ಮೊದಲ ಒಂದು ನಿಮಿಷ ಶಾಲಿಗೆ ಕೊಡಿ, ಸಾಕು.

ಈಗ ಸ್ವಲ್ಪ ಲೆಕ್ಕ. ಬಿ.ಕಾಂ. ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಗ್ಲಿ. ರೇಷ್ಮೆಯ ತೂಕ ಅಳೆಯೋ ಅಳತೆ ಒಂದಿದೆ, ಅದನ್ನ ಇಂಗ್ಲಿಷಲ್ಲಿ ‘ಮಾಮಿ’ ಅಂತ ಹೇಳ್ತಾರೆ. ನಗಬೇಡಿ. ಒಂದು ಮಾಮಿ ಅಂದ್ರೆ ಚದರ ಮೀಟರಿಗೆ ಸುಮಾರು 4.34 ಗ್ರಾಂ. ಡಾನ್ಸ್ ಶಾಲು 5 ಅಥವಾ 8 ಮಾಮಿ ರೇಷ್ಮೆಯಲ್ಲಿ ಸಿಗತ್ತೆ. ಎರಡೂ ಮುಕ್ಕಾಲು ಮೀಟರ್ ಉದ್ದ, 1.15 ಮೀಟರ್ ಅಗಲ ಅಂದ್ಕೊಂಡ್ರೆ 5 ಮಾಮಿ ಶಾಲು ಸುಮಾರು 70 ಗ್ರಾಂ ತೂಗತ್ತೆ, 8 ಮಾಮಿ ಶಾಲು ಸುಮಾರು 110 ಗ್ರಾಂ. ಹಗುರವಾಗಿದ್ದು ಗಾಳಿಯಲ್ಲಿ ಜಾಸ್ತಿ ಹೊತ್ತು ತೇಲತ್ತೆ, ಆದ್ರೆ ಎ.ಸಿ. ಗಾಳಿಗೂ ಫ್ಯಾನಿಗೂ ಮುಖದ ಮೇಲೆ ಬಂದು ಅಂಟ್ಕೊಳತ್ತೆ. ಬಯಲಲ್ಲಿ, ಫ್ಯಾನ್ ಇರೋ ಕಲ್ಯಾಣ ಮಂಟಪದಲ್ಲಿ ಕುಣಿಯೋದಾದ್ರೆ ಸ್ವಲ್ಪ ಭಾರದ ಬಟ್ಟೆ ಒಳ್ಳೇದು.

ಶುರುವಲ್ಲೇ ರೇಷ್ಮೆ ಬೇಡ. ಐದೂವರೆ ಮೀಟರಿನ ಹಳೇ ಶಿಫಾನ್ ಸೀರೆ ತಗೊಂಡು ನಡುವೆ ಕತ್ತರಿಸಿ, ಅಂಚು ಹೊಲಿಸಿ. ಎರಡು ಪ್ರಾಕ್ಟೀಸ್ ಶಾಲು ರೆಡಿ. ಅಳತೆ ಬಹುತೇಕ ಅದೇ ಬರತ್ತೆ. ಜರಿ ಅಂಚಿದ್ರೆ ಬಿಚ್ಚಿಸಿ, ಇಲ್ಲಾಂದ್ರೆ ಒಂದೇ ಕಡೆ ಎಳೀತಿರತ್ತೆ. ಅಮ್ಮನ್ನ ಕೇಳಿ ಕತ್ತರಿಸಿ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಮೈಸೂರು ಸಿಲ್ಕ್ ಕಡೆ ಮಾತ್ರ ಕಣ್ಣೂ ಹಾಕಬೇಡಿ.

ಕೋಲು: ಅದರ ಊರು ಗೊತ್ತಿರ್ಲಿ

ಈಜಿಪ್ಟಿನ ದಕ್ಷಿಣ ಭಾಗವನ್ನ ಸಯೀದ್ ಅಂತಾರೆ. ನಕ್ಷೆಯಲ್ಲಿ ಕೆಳಗಿದ್ರೂ ಅದು ‘ಮೇಲಿನ ಈಜಿಪ್ಟ್’, ಯಾಕಂದ್ರೆ ನೈಲ್ ನದಿ ಅಲ್ಲಿಂದ ಉತ್ತರಕ್ಕೆ ಇಳಿದು ಬರತ್ತೆ. ಅಲ್ಲಿಯ ಗಂಡಸರ ಆಟ ‘ತಹ್ತೀಬ್’. ನಮ್ಮ ದೊಣ್ಣೆವರಸೆ ನೆನಪಾಗತ್ತೆ ನೋಡಿದ್ರೆ. ಯುನೆಸ್ಕೋ 2016ರಲ್ಲಿ ಅದನ್ನ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸ್ತು.

ಹೆಂಗಸರ ಕೋಲಿನ ನೃತ್ಯ, ಅಂದ್ರೆ ‘ರಕ್ಸ್ ಅಲ್ ಅಸಾಯಾ’, ಒಂಥರಾ ಗಂಡಸರ ಆ ಗತ್ತಿಗೆ ಕೊಡೋ ತುಂಟ ಉತ್ತರ. ಕೋಲೂ ಹಗುರ, ತುದಿ ಬಾಗಿರತ್ತೆ. ಮಹಮೂದ್ ರೇದಾ 1959ರಲ್ಲಿ ಶುರು ಮಾಡಿದ ತಂಡ ಈ ಥರದ ಹಳ್ಳಿ-ಊರಿನ ನೃತ್ಯಗಳನ್ನ ರಂಗಮಂಚಕ್ಕೆ ತಂತು. ಫರೀದಾ ಫಹ್ಮಿ ಆ ತಂಡದ ತಾರೆ.

ಕೋಲು ಆರಿಸೋಕೆ ಸುಲಭದ ಅಳತೆ: ನೆಲಕ್ಕೂರಿದ್ರೆ ನಿಮ್ಮ ಸೊಂಟದ ಹತ್ತಿರ ಬರಬೇಕು. ತೀರಾ ಉದ್ದ ಇದ್ರೆ ತಿರುಗಿಸುವಾಗ ನೆಲಕ್ಕೆ ಬಡಿಯತ್ತೆ. ಹಿಡಿತ ಸಡಿಲವಾಗಿರ್ಲಿ, ತಿರುಗೋದು ಮಣಿಕಟ್ಟಿಂದ, ಭುಜದಿಂದ ಅಲ್ಲ.

ಹಾಡು ಮುಖ್ಯ. ಸಯೀದಿ ತಾಳ ಹೀಗಿರತ್ತೆ: ದುಂ ತಕ್, ದುಂ ದುಂ ತಕ್. ನಡುವೆ ಬರೋ ಆ ಜೋಡಿ ‘ದುಂ ದುಂ’ ಕೇಳಿದ ಕೂಡಲೇ ಗೊತ್ತಾಗತ್ತೆ. ನಮ್ಮ ಶಹನಾಯಿಯ ಜಾತಿಗೆ ಸೇರಿದ ಮಿಜ್ಮಾರ್ ಜೋರಾಗಿ ಊದ್ತಿರತ್ತೆ. ಅದಕ್ಕೆ ಕೋಲು ಹಿಡೀರಿ. ಉಮ್ ಕುಲ್ಸುಮ್ ಅವರ ವಿರಹದ ಹಾಡಿಗೆ ಕೋಲು ತಿರುಗಿಸಿದ್ರೆ ಅರೇಬಿಕ್ ಗೊತ್ತಿರೋರಿಗೆ ಹೇಗಿರತ್ತೆ ಗೊತ್ತಾ? ಭಾವಗೀತೆಗೆ ಡೊಳ್ಳು ಬಡಿದ ಹಾಗೆ.

ಮಿಲಾಯಾ ವಿಷಯದಲ್ಲೂ ಇದೇ ಮಾತು. ಕೈರೋ, ಅಲೆಕ್ಸಾಂಡ್ರಿಯಾದ ಹೆಂಗಸರು ಹೊರಗೆ ಹೋಗುವಾಗ ಸುತ್ಕೊಳ್ತಿದ್ದ ಕಪ್ಪು ಹೊದಿಕೆ ಅದು. ಸ್ಟೇಜಿನಲ್ಲಿ ಅದೊಂದು ಪಾತ್ರ: ಮೊಹಲ್ಲಾದ ಬಾಯಿಬಡುಕಿ, ಚುರುಕು ಹುಡುಗಿ. ಅಲ್ಲಿ ನಟನೆ ಬೇಕು. ಅದನ್ನ ಶಾಲಿನ ಥರ ಗಾಳಿಗೆ ಬೀಸೋಕೆ ಹೋಗಬೇಡಿ.

ಕತ್ತಿ: ಕತ್ತಿಗಿಂತ ಕತ್ತು ಮುಖ್ಯ

ತಲೆ ಮೇಲೆ ಕತ್ತಿ ಇಟ್ಕೊಂಡು ಕುಣಿಯೋದು ಎಲ್ಲರಿಗೂ ಇಷ್ಟ. ಫ್ರೆಂಚ್ ಚಿತ್ರಕಾರ ಜೆರೋಮ್ 19ನೇ ಶತಮಾನದಲ್ಲಿ ಕತ್ತಿ ಹೊತ್ತ ನರ್ತಕಿಯ ಚಿತ್ರ ಬರೆದಿದ್ದಾರೆ. ಇವತ್ತಿನ ಕತ್ತಿ ಡಾನ್ಸ್ ಬೆಳೆದಿದ್ದು ಮಾತ್ರ ಅಮೆರಿಕದಲ್ಲಿ. ಜಮೀಲಾ ಸಲೀಂಪುರ್ 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ‘ಬಾಲ್ ಅನತ್’ ತಂಡ ಕತ್ತಿ, ಹಾವು ಎಲ್ಲವನ್ನೂ ಮೇಳದ ಜನರ ಮುಂದೆ ತಂದಿತ್ತು. ಅಂದ ಹಾಗೆ, ಹಾವಿನ ಐಡಿಯಾ ಯಾರಿಗಾದ್ರೂ ಬಂದಿದ್ರೆ ಈಗಲೇ ಬಿಟ್ಟುಬಿಡಿ. ನಾಗರಹಾವು, ಹೆಬ್ಬಾವು ಹಿಡಿದಿಟ್ಟು ಪ್ರದರ್ಶನ ಮಾಡೋದು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾನೂನು ಪಕ್ಕಕ್ಕಿರ್ಲಿ, ಆ ಜೀವಕ್ಕೆ ಡಿಜೆ ಸೌಂಡು ಯಾಕೆ ಬೇಕು?

ಡಾನ್ಸ್ ಕತ್ತಿಗೆ ಮೊನಚು ಇರಬಾರದು, ಸಮತೋಲ ಇರಬೇಕು. ಗೋಡೆಗೆ ನೇತುಹಾಕೋ ಅಲಂಕಾರದ ಕತ್ತಿಯಲ್ಲಿ ಹಿಡಿ ಭಾರ, ಅಲಗು ಹಗುರ. ಅದು ತಲೆ ಮೇಲೆ ಕೂರಲ್ಲ. ಕೊಳ್ಳುವಾಗ ಬೆರಳ ಮೇಲಿಟ್ಟು ಸಮ ನಿಲ್ಲೋ ಜಾಗ ಹುಡುಕಿ, ಅಲ್ಲಿ ಸಣ್ಣ ಗುರುತು ಮಾಡಿ. ಆ ಜಾಗವನ್ನ ಮರಳುಕಾಗದದಿಂದ ಸ್ವಲ್ಪ ಒರಟು ಮಾಡ್ತಾರೆ ಅಥವಾ ಜೇನುಮೇಣ ಸವರ್ತಾರೆ. ಎಣ್ಣೆ ಹಾಕಿದ ನುಣುಪು ಕೂದಲ ಮೇಲೆ ನಿಲ್ಲಲ್ಲ, ಬಟ್ಟೆ ಪಟ್ಟಿ ಕಟ್ಕೊಳ್ಳಿ.

ಪ್ರಾಕ್ಟೀಸ್ ಕತ್ತಿಯಿಂದ ಶುರು ಮಾಡಬೇಡಿ, ಪುಸ್ತಕದಿಂದ ಮಾಡಿ. ತಲೆ ಮೇಲೆ ಪುಸ್ತಕ ಇಟ್ಟು ಮನೆಯಲ್ಲಿ ನಡೀರಿ, ಕೂರಿ, ಏಳಿ. ಕಣ್ಣು ಎದುರಿನ ಒಂದು ಬಿಂದುವಿನ ಮೇಲಿರ್ಲಿ. ಕತ್ತು ಸ್ಥಿರ ಇದ್ದು, ಸೊಂಟ ಅದರ ಪಾಡಿಗೆ ಕೆಲಸ ಮಾಡಬೇಕು. ಕತ್ತಿ ಡಾನ್ಸಿನ ಮಜಾ ಇರೋದೇ ಅಲ್ಲಿ. ಕತ್ತಿಗೆ ಕತ್ತು ಬಿಸಿಯಾಗಿರಬೇಕು, ವಾರ್ಮಪ್ ಇಲ್ಲದೆ ಇಡಬೇಡಿ. ಮೊದಲ ಸಾಲಿನ ಕುರ್ಚಿಗೂ ನಿಮಗೂ ನಡುವೆ ಜಾಗ ಇರ್ಲಿ, ಅಲ್ಲಿ ಮಕ್ಕಳು ಓಡಾಡಬಾರದು. ವಿಮಾನದಲ್ಲಿ ಹೋಗೋದಾದ್ರೆ ಕ್ಯಾಬಿನ್ ಬ್ಯಾಗಿನಲ್ಲಿ ಕತ್ತಿ ಬಿಡಲ್ಲ.

ಬೀಳತ್ತೆ. ಬೀಳೋದನ್ನೂ ಪ್ರಾಕ್ಟೀಸ್ ಮಾಡಿ

ಯಾವ ಪ್ರಾಪ್ ಆದ್ರೂ ಒಂದಲ್ಲ ಒಂದಿನ ಕೈಜಾರತ್ತೆ. ಶಾಲು ಬಿದ್ರೆ ಅದನ್ನೇ ‘ಎಸೆದೆ’ ಅನ್ನೋ ಹಾಗೆ ಮುಂದುವರಿಯಿರಿ. ಆದ್ರೆ ಕಾಲಡಿ ಬಿಡಬೇಡಿ, ರೇಷ್ಮೆ ಮೇಲೆ ಬರಿಗಾಲು ಜಾರತ್ತೆ, ತುದಿಗಾಲಲ್ಲಿ ಬದಿಗೆ ಸರಿಸಿ. ಕೋಲು ಬಿದ್ರೆ ಬಗ್ಗಿ ತುಂಟತನದಿಂದ ಎತ್ಕೊಳ್ಳಿ, ಸಯೀದಿಯಲ್ಲಿ ಅದೂ ಒಪ್ಪತ್ತೆ. ತಾಳದ ಎಲಾಸ್ಟಿಕ್ ಕಿತ್ತುಹೋದ್ರೆ ಉಳಿದ ಕೈ ನಿಲ್ಲಿಸಿ ಬರೀ ಕುಣೀರಿ. ಕತ್ತಿ ಬಿದ್ರೆ ಹಿಡಿಯೋಕೆ ಹೋಗಬೇಡಿ, ದೂರ ಸರೀರಿ. ಮನೆಯಲ್ಲಿ ಹತ್ತು ಸಲ ಬೇಕಂತಲೇ ಬೀಳಿಸಿ ನೋಡಿ. ಸ್ಟೇಜಿನಲ್ಲಿ ಬಿದ್ದಾಗ ಮುಖ ಬಾಡಲ್ಲ.

ಇನ್ನೊಂದು ಕಾಮರ್ಸ್ ಮಾತು: ಸಂಕ್ ಕಾಸ್ಟ್. ಖರ್ಚಾಗಿದ್ದು ಖರ್ಚಾಯ್ತು. ‘ಇಷ್ಟು ದುಡ್ಡು ಕೊಟ್ಟು ತಂದಿದ್ದೀನಿ, ಬಳಸಲೇಬೇಕು’ ಅನ್ನೋ ಲೆಕ್ಕ ತಪ್ಪು. ನನ್ನ ರೆಕ್ಕೆ ಈಗಲೂ ಅಟ್ಟದ ಮೇಲಿದೆ. ದೊಡ್ಡ ಸ್ಟೇಜು, ಪಳಗಿದ ದೇಹ ಎರಡೂ ಸಿಕ್ಕ ದಿನ ಇಳಿಸ್ತೀನಿ.

ಹುಬ್ಬಳ್ಳಿಯ ಪ್ರಶ್ನೆಗೆ ಉತ್ತರ

ಆ ದೀಪದ ಹೆಸರು ‘ಶಮಾದಾನ’. ಶಮಾ ಅಂದ್ರೆ ಮೇಣದಬತ್ತಿ, ಉರ್ದು ಗೊತ್ತಿರೋರಿಗೆ ಪರಿಚಯದ ಪದ. ಈಜಿಪ್ಟಿನ ಮದುವೆ ಮೆರವಣಿಗೆಯನ್ನ ‘ಜೆಫ್ಫಾ’ ಅಂತಾರೆ. ಅದರಲ್ಲಿ ನರ್ತಕಿ ತಲೆ ಮೇಲೆ ದೀಪ ಹೊತ್ತು ಮದುಮಕ್ಕಳ ಮುಂದೆ ನಡೀತಾಳೆ, ಅವರ ದಾರಿಗೆ ಬೆಳಕು ಹಿಡೀತಾಳೆ. ಶಫೀಕಾ ಅಲ್ ಕಿಬ್ತಿಯ್ಯಾ, ಜೂಬಾ ಅಲ್ ಕ್ಲೋಬಾತಿಯ್ಯಾ ಅನ್ನೋ ಇಬ್ಬರು ಹಳೇ ಕಲಾವಿದೆಯರ ಹೆಸರಿನ ಜೊತೆ ಇದರ ಕತೆ ಹೆಣ್ಕೊಂಡಿದೆ. ನಮ್ಮ ಕಾಲಕ್ಕೆ ಹತ್ತಿರದ ಕಲಾವಿದೆಯರಲ್ಲಿ ನಾದಿಯಾ ಹಮ್ದಿ ಇದಕ್ಕೆ ಹೆಸರಾದವರು. ಹಾಗಾಗಿ ಮದುವೆಗೆ ಇದು ಎಷ್ಟು ಚೆಂದದ ಆಯ್ಕೆ ಅಂತ ನನಗೆ ಅರ್ಥ ಆಗತ್ತೆ. ಅಣ್ಣನ ದಾರಿಗೆ ತಂಗಿ ದೀಪ ಹಿಡಿಯೋದು. ನನಗೂ ಕೇಳಿ ಗಂಟಲು ಕಟ್ಟಿತು.

ಆದ್ರೂ ನಾನು ಹೇಳಿದ್ದು: ಉರಿಯೋ ಬತ್ತಿ ಬೇಡ. ಶಾಮಿಯಾನದ ಬಟ್ಟೆ, ಪ್ಲಾಸ್ಟಿಕ್ ಹೂವು, ಹೇರ್ ಸ್ಪ್ರೇ, ಪಾಲಿಸ್ಟರ್ ಶಿಫಾನ್ ಡ್ರೆಸ್, ಇವೆಲ್ಲ ಬೆಂಕಿಗೆ ಹತ್ತಿರ ಇರಬಾರದ ವಸ್ತುಗಳು. ಪಾಲಿಸ್ಟರ್ ಉರಿಯೋದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟ್ಕೊಳತ್ತೆ. ಅದರ ಮೇಲೆ ಕತ್ತಲೆ, ಜನಜಂಗುಳಿ, ಸೆಲ್ಫಿಗೆ ಅಂತ ಹತ್ತಿರ ಬರೋ ಮಕ್ಕಳು. ಬೆಂಕಿ ಪ್ರಾಪ್ ಮಾಡೋ ಅನುಭವಸ್ಥರು ಒದ್ದೆ ಬಟ್ಟೆ, ಅಗ್ನಿಶಾಮಕ ಸಿಲಿಂಡರ್ ಹಿಡಿದ ಒಬ್ಬರನ್ನ ಪಕ್ಕದಲ್ಲೇ ನಿಲ್ಲಿಸ್ಕೊಂಡು, ಹಾಲಿನವರ ಅನುಮತಿ ತಗೊಂಡು ಮಾಡ್ತಾರೆ. ಒಂದು ತಿಂಗಳಲ್ಲಿ ಕಲಿತು ಮಾಡೋದಲ್ಲ.

‘ಬ್ಯಾಟರಿ ಬತ್ತಿ ಹಾಕಿದ್ರೆ?’ ಅಂತ ಅವರು ತಿರುಗಿ ಕೇಳಿದ್ರು. ಅದು ಒಳ್ಳೇ ಪ್ರಶ್ನೆ. ಈಗ ಸುಮಾರು ಜನ ಡಾನ್ಸರ್‌ಗಳು ಹಾಗೇ ಮಾಡ್ತಾರೆ. ಆದ್ರೆ ಶಮಾದಾನ ತಲೆಗೆ ಸರಿಯಾಗಿ ಕೂತಿರಬೇಕು, ಕತ್ತು ಆ ಭಾರಕ್ಕೆ ಒಗ್ಗಿರಬೇಕು. ಹಾಗಾಗಿ ಇಬ್ಬರೂ ಸೇರಿ ಹೀಗೆ ಪ್ಲಾನ್ ಮಾಡಿದ್ವಿ. ಮುಂದಿನ ನಾಲ್ಕು ವಾರ ದಿನಾ ಹದಿನೈದು ನಿಮಿಷ, ಮೊದಲು ಪುಸ್ತಕ, ಆಮೇಲೆ ಹಗುರ ತಟ್ಟೆ, ಆಮೇಲೆ ಬ್ಯಾಟರಿ ದೀಪದ ಶಮಾದಾನ. ಅವರ ಟೀಚರ್ ನೋಡಿ ಸರಿ ಅಂದ್ರೆ ಮಾತ್ರ ಹಾಲಿನ ಬಾಗಿಲಿಂದ ಸ್ಟೇಜಿನವರೆಗೆ ಅಣ್ಣ-ಅತ್ತಿಗೆ ಮುಂದೆ ಬರೀ ನಡಿಗೆ. ಕಿಟಕಿ ಕಡೆಯ ಲೈಟ್ ಉಳಿಸಿ, ಪೂರ್ತಿ ಕತ್ತಲೆ ಬೇಡ. ಸ್ಟೇಜಿಗೆ ಬಂದ ಮೇಲೆ ದೀಪ ಇಳಿಸಿ ಪಕ್ಕಕ್ಕಿಟ್ಟು, ಎರಡು ನಿಮಿಷ ಬರಿಗೈಯಲ್ಲಿ ಡಾನ್ಸ್. ಟೀಚರ್ ಬೇಡ ಅಂದ್ರೆ ಮೊದಲ ನಡಿಗೆಯೂ ಶಾಲು ಹಿಡಿದೇ.

ನಿನ್ನೆ ಒಂದು ವಿಡಿಯೋ ಕಳಿಸಿದ್ರು. ತಲೆ ಮೇಲೆ ಎರಡು ದಪ್ಪ ಪುಸ್ತಕ, ಹಿಂದೆ ಅವರಣ್ಣ ಲುಂಗಿಯಲ್ಲಿ ಮದುಮಗನ ಥರ ಗಂಭೀರವಾಗಿ ನಡ್ಕೊಂಡು ಬರ್ತಿದ್ದಾನೆ. ಪುಸ್ತಕ ಬಿತ್ತು, ಇಬ್ಬರೂ ನಕ್ರು, ಮತ್ತೆ ಬಾಗಿಲಿಂದ ಶುರು ಮಾಡಿದ್ರು.

ಇವತ್ತಿಗೆ ಇಷ್ಟು. ನಿಮ್ಮ ಹತ್ರ ಬಿದ್ದ ಪ್ರಾಪ್‌ಗಳ ಕತೆ ಇದ್ರೆ ವಾಯ್ಸ್ ಮೆಸೇಜ್ ಮಾಡಿ. ಮುಂದಿನ ಕಂತಲ್ಲಿ ಸಿಗೋಣ, ನಮಸ್ಕಾರ.